ಒಂದು ಗಂಟೆಯ ಕನ್ನಡ ತರಗತಿಯನ್ನು ಕಟ್ಟುವ ಬಗೆ: ಹಂತಗಳು ಮತ್ತು ಚಟುವಟಿಕೆಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಚೇರಿಗಳಲ್ಲಿ, ಬಡಾವಣೆಯ ಗ್ರಂಥಾಲಯಗಳಲ್ಲಿ ವಾರಾಂತ್ಯಕ್ಕೊಮ್ಮೆ ಕನ್ನಡೇತರರಿಗೆ ಕನ್ನಡ ಹೇಳಿಕೊಡುವವರು ಇಂದು ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ವೃತ್ತಿಯಿಂದ ಶಿಕ್ಷಕರಲ್ಲ. ನೆರೆಯವರು ಕೇಳಿಕೊಂಡರೆಂದೋ, ಭಾಷೆಯ ಮೇಲಿನ ಪ್ರೀತಿಯಿಂದಲೋ ಈ ಕೆಲಸಕ್ಕೆ ಕೈಹಾಕಿದವರು. ನಾನೂ ಹಾಗೆಯೇ ಆರಂಭಿಸಿದವನು. ಮೊದಲ ಭಾನುವಾರ ತುಂಬಿದ್ದ ಕೊಠಡಿ ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿದಾಗ, ಬಂದವರಿಗೆ ಆಸಕ್ತಿ ಇಲ್ಲವೆಂದು ತೀರ್ಮಾನಿಸುವುದು ಸುಲಭವಿತ್ತು. ಆದರೆ ಒಂದು ತರಗತಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿದ ಮೇಲೆ ಕಾರಣ ಬೇರೆಯೇ ಎಂಬುದು ತಿಳಿಯಿತು: ಗಂಟೆಯ ಬಹುಪಾಲು ನಾನೇ ಮಾತನಾಡಿದ್ದೆ, ಕಲಿಯಲು ಬಂದ ಒಬ್ಬೊಬ್ಬರ ಬಾಯಿಗೆ ಎರಡೋ ಮೂರೋ ವಾಕ್ಯಗಳು ಸಿಕ್ಕಿದ್ದವು. ಅಂದಿನಿಂದ ನಾನು ಪಾಠವನ್ನು ಯೋಜಿಸುವುದು ಒಂದೇ ಅಳತೆಯ ಮೇಲೆ: ಹಂತದಿಂದ ಹಂತಕ್ಕೆ ಮಾತು ಹೇಳಿಕೊಡುವವರ ಬಾಯಿಂದ ಕಲಿಯುವವರ ಬಾಯಿಗೆ ದಾಟಬೇಕು. ಯಾವ ಚಟುವಟಿಕೆಯನ್ನು ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು, ಯಾವಾಗ ತಿದ್ದಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಅಳತೆಯಿಂದಲೇ ಸಿಗುತ್ತದೆ.

ಉದಾಹರಣೆಗಾಗಿ ಒಂದೇ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ತೆಗೆದುಕೊಳ್ಳೋಣ. ತರಗತಿಯಲ್ಲಿ ಹನ್ನೆರಡು ಮಂದಿ ವಯಸ್ಕರು; ಹಿಂದಿ, ತಮಿಳು, ಮಲಯಾಳಂ, ಬಂಗಾಳಿ, ಒಡಿಯಾ ಮಾತೃಭಾಷೆಯವರು; ಇದು ಅವರ ಐದನೆಯ ಅಥವಾ ಆರನೆಯ ವಾರ; ಸಮಯ 60 ನಿಮಿಷ; ವಿಷಯ, ಸೊಪ್ಪು ತರಕಾರಿ ಕೊಳ್ಳುವುದು.

ಮೊದಲು ಕೊನೆಯನ್ನು ನಿರ್ಧರಿಸಿ

ಪಾಠದ ಗುರಿಯನ್ನು ವ್ಯಾಕರಣದ ಹೆಸರಿನಲ್ಲಿ ಬರೆಯಬೇಡಿ. ‘ಚತುರ್ಥಿ ವಿಭಕ್ತಿ ಪ್ರತ್ಯಯ’ ಎಂದು ಬರೆದುಕೊಂಡರೆ ನೀವು ಗಂಟೆಯುದ್ದಕ್ಕೂ ಪ್ರತ್ಯಯವನ್ನು ವಿವರಿಸುತ್ತೀರಿ. ಅದರ ಬದಲು ‘ತರಗತಿ ಮುಗಿದ ಮೇಲೆ ಇವರು ಗಾಡಿಯವರ ಬಳಿ ಹೋಗಿ ಎರಡು ಬಗೆಯ ತರಕಾರಿಯ ದರ ಕೇಳಿ, ಬೇಕಾದಷ್ಟನ್ನು ಹೇಳಿ, ಬೇಡವಾದುದನ್ನು ಬೇಡವೆಂದು ಹೇಳಿ, ಹಣ ಕೊಟ್ಟು ಬರಬಲ್ಲರು’ ಎಂದು ಬರೆದುಕೊಳ್ಳಿ. ಈ ಒಂದು ವಾಕ್ಯದಿಂದ ಪಾಠಕ್ಕೆ ಬೇಕಾದ ಸಾಮಗ್ರಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ: ಹತ್ತರಿಂದ ನೂರರವರೆಗಿನ ಸಂಖ್ಯೆಗಳು, ಕಾಲು ಕೆಜಿ, ಅರ್ಧ ಕೆಜಿ, ಕಟ್ಟು ಎಂಬ ಅಳತೆಯ ಮಾತುಗಳು, ಎಂಟು ಹತ್ತು ತರಕಾರಿಗಳ ಹೆಸರು, ‘ನನಗೆ ಬೇಕು’, ‘ಬೇಡ’, ‘ಕೊಡಿ’, ‘ಎಷ್ಟು’, ‘ಇದೆಯಾ’ ಎಂಬ ಐದು ರೂಪಗಳು. ಇದಕ್ಕಿಂತ ಹೆಚ್ಚಿನದು ಅಂದಿನ ಪಾಠಕ್ಕೆ ಭಾರ. ಹಾಗಲಕಾಯಿ, ಪಡವಲಕಾಯಿ, ಹೀರೇಕಾಯಿಗಳೆಲ್ಲವನ್ನೂ ಒಂದೇ ದಿನ ಹೇಳಿಕೊಡಬೇಕೆಂಬ ಆಸೆ ಒಳ್ಳೆಯದೇ. ಆದರೆ ಮೂವತ್ತು ಹೆಸರು ಕೇಳಿ ಒಂದನ್ನೂ ಕೊಳ್ಳಲಾಗದೆ ಹೋಗುವವರಿಗಿಂತ ಎಂಟು ಹೆಸರು ಬಲ್ಲವರೇ ಮುಂದಿನ ವಾರ ಧೈರ್ಯದಿಂದ ಬರುತ್ತಾರೆ.

ಕಲಿಸುವ ರೂಪ ಆಡುಮಾತಿನದೇ ಆಗಿರಬೇಕು. ‘ಕೊಡುತ್ತೇನೆ’, ‘ತೆಗೆದುಕೊಳ್ಳುತ್ತೇನೆ’ ಎಂಬ ಬರಹದ ರೂಪಗಳನ್ನು ಬಾಯಿಪಾಠ ಮಾಡಿದವರು ಅಂಗಡಿಯಲ್ಲಿ ‘ಕೊಡ್ತೀನಿ’, ‘ತಗೊಳ್ತೀನಿ’ ಎಂಬುದನ್ನು ಕೇಳಿದಾಗ ಅದನ್ನು ಗುರುತಿಸಲಾರರು. ಕಲಿತದ್ದೇ ಬೇರೆ, ಕೇಳುವುದೇ ಬೇರೆ ಎಂಬ ನಿರಾಶೆಯಲ್ಲಿ ಕೈಚೆಲ್ಲುತ್ತಾರೆ. ಬರಹದ ಕನ್ನಡಕ್ಕೆ ಅದರದೇ ಪಾಠಗಳಿರಲಿ. ಹಾಗೆಯೇ ‘ಕೊಡು’ ಎಂಬುದಕ್ಕಿಂತ ಮೊದಲು ‘ಕೊಡಿ’ ಎಂಬುದನ್ನು, ‘ನೀನು’ ಎಂಬುದಕ್ಕಿಂತ ಮೊದಲು ‘ನೀವು’ ಎಂಬುದನ್ನು ಕಲಿಸಿ. ಹಾಸ್ಟೆಲಿನಲ್ಲೋ ಸಿನಿಮಾದಲ್ಲೋ ಕೇಳಿದ ಏಕವಚನವನ್ನು ಹಿರಿಯರ ಮುಂದೆ ಬಳಸಿ ಮನಸ್ಸು ನೋಯಿಸಿದವರನ್ನು ನಾನು ಕಂಡಿದ್ದೇನೆ. ಅವರ ಉದ್ದೇಶದಲ್ಲಿ ತಪ್ಪಿರಲಿಲ್ಲ, ಮೊದಲು ಕಿವಿಗೆ ಬಿದ್ದ ರೂಪವೇ ಅದಾಗಿತ್ತು.

ಮರುಕಳಿಕೆ ಮತ್ತು ಪೀಠಿಕೆ: ಒಂಬತ್ತು ನಿಮಿಷ

ಮೊದಲ ಐದು ನಿಮಿಷ ಹಳೆಯದಕ್ಕೆ ಮೀಸಲು. ಹಿಂದಿನ ವಾರ ಕಲಿತ ಸಂಖ್ಯೆಗಳು ಇಂದಿನ ಪಾಠಕ್ಕೆ ಬೇಕೇ ಬೇಕು, ಆದ್ದರಿಂದ ಅವನ್ನೇ ಮರುಕಳಿಸಿ. ನೀವು ಬೆಲೆಗಳನ್ನು ಹೇಳುತ್ತಾ ಹೋಗಿ, ಅವರು ಅಂಕಿಯಲ್ಲಿ ಬರೆದುಕೊಳ್ಳಲಿ: ಇಪ್ಪತ್ತೈದು, ಅರವತ್ತು, ಎಂಬತ್ತು, ತೊಂಬತ್ತು. ಎಂಬತ್ತು ಮತ್ತು ತೊಂಬತ್ತು ಹಲವರಿಗೆ ಅದಲುಬದಲಾಗುತ್ತವೆ. ಆ ಎರಡನ್ನೂ ಬೇಕೆಂದೇ ಮತ್ತೆ ಮತ್ತೆ ಬೆರೆಸಿ ಹೇಳಿ. ಈ ಚಟುವಟಿಕೆಯಲ್ಲಿ ಯಾರೂ ಬಾಯಿ ತೆರೆಯಬೇಕಾಗಿಲ್ಲ. ಕಚೇರಿಯ ಕೆಲಸದಿಂದ ದಣಿದು ಬಂದವರ ಕಿವಿ ಮೊದಲು ಕನ್ನಡಕ್ಕೆ ಹೊಂದಿಕೊಳ್ಳಲಿ.

ಆಮೇಲಿನ ನಾಲ್ಕು ನಿಮಿಷ ಪೀಠಿಕೆ. ಒಂದು ಬುಟ್ಟಿಯಲ್ಲಿ ನಿಜವಾದ ತರಕಾರಿ ತಂದು ಮೇಜಿನ ಮೇಲಿಡಿ. ಚಿತ್ರಗಳಿಗಿಂತ ಇದು ಎಷ್ಟೋ ಮೇಲು. ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದಾಗ ‘ಕಟ್ಟು’ ಎಂಬ ಪದಕ್ಕೆ ವಿವರಣೆಯೇ ಬೇಕಾಗುವುದಿಲ್ಲ. ‘ಈರುಳ್ಳಿ ತಗೊಳ್ಳಿ, ಅವರಿಗೆ ಕೊಡಿ’, ‘ಬದನೆಕಾಯಿ ಚೀಲಕ್ಕೆ ಹಾಕಿ’ ಎಂದು ಒಬ್ಬೊಬ್ಬರಿಗೆ ಹೇಳಿ ಮಾಡಿಸಿ. ಆಜ್ಞೆಯನ್ನು ಕೇಳಿ ಮೈಯಿಂದ ಪ್ರತಿಕ್ರಿಯೆ ತೋರುವ ಈ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ ಒಂದು ಬೋಧನಾ ವಿಧಾನವಾಗಿಯೇ ಬೆಳೆಸಿದರು. ಇಡೀ ಪಾಠವನ್ನು ಇದರಿಂದಲೇ ನಡೆಸಲು ಬಾರದು, ಆದರೆ ಹೊಸ ಪದಗಳ ಪರಿಚಯಕ್ಕೆ ಇದಕ್ಕಿಂತ ಹಗುರವಾದ ದಾರಿಯನ್ನು ನಾನು ಕಂಡಿಲ್ಲ.

ಕೇಳಿಸಿ, ಆಮೇಲೆ ತೋರಿಸಿ

ಮುಂದಿನ ಎಂಟು ನಿಮಿಷ ಕೇಳುವ ಹಂತ. ಇಬ್ಬರು ಕನ್ನಡಿಗರು ಆಡಿದ ಅರ್ಧ ನಿಮಿಷದ ಸಂಭಾಷಣೆಯನ್ನು ಮೊದಲೇ ಧ್ವನಿಮುದ್ರಿಸಿಟ್ಟುಕೊಳ್ಳಿ. ಅದು ಹೀಗಿರಬಹುದು:

“ಟೊಮೆಟೊ ಕೆಜಿಗೆ ಎಷ್ಟಮ್ಮ?”
“ಅರವತ್ತು.”
“ಅರ್ಧ ಕೆಜಿ ಕೊಡಿ. ಕೊತ್ತಂಬರಿ ಇದೆಯಾ?”
“ಇದೆ. ಕಟ್ಟು ಹತ್ತು ರೂಪಾಯಿ. ಎಷ್ಟು ಬೇಕು?”
“ನನಗೆ ಎರಡು ಕಟ್ಟು ಬೇಕು.”
“ಬೀನ್ಸ್ ಬೇಡ್ವಾ?”
“ಬೇಡ. ಒಟ್ಟು ಎಷ್ಟಾಯ್ತು?”
“ಐವತ್ತು.”

ಬರಹವನ್ನು ಕೈಗೆ ಕೊಡದೆ, ಕೇಳಿಸುವುದಕ್ಕೆ ಮೊದಲೇ ಒಂದು ಪ್ರಶ್ನೆಯನ್ನಷ್ಟೇ ಬೋರ್ಡಿನ ಮೇಲೆ ಬರೆಯಿರಿ: ಒಟ್ಟು ಎಷ್ಟು ಹಣ ಕೊಟ್ಟರು? ಎರಡನೆಯ ಸಲ ಕೇಳಿಸುವಾಗ, ಏನೇನು ಕೊಂಡರು, ಏನು ಬೇಡವೆಂದರು ಎಂದು ಕೇಳಿ. ಪ್ರಶ್ನೆ ಮೊದಲು ಬಂದರೆ ಕೇಳುವವರ ಕಿವಿಗೆ ಒಂದು ಹುಡುಕಾಟ ಸಿಗುತ್ತದೆ. ಪ್ರಶ್ನೆ ಆಮೇಲೆ ಬಂದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ. ಪ್ರತಿಯೊಂದು ಪದವೂ ತಿಳಿಯಲೇಬೇಕೆಂಬ ಹಟವನ್ನು ಈ ಹಂತದಲ್ಲಿ ಬಿಡಿಸಬೇಕು, ಏಕೆಂದರೆ ಸಂತೆಯಲ್ಲಿ ಯಾರಿಗೂ ಪ್ರತಿಯೊಂದು ಪದವೂ ಕೇಳಿಸುವುದಿಲ್ಲ. ಮೂರನೆಯ ಸಲ ಕೇಳಿಸುವಾಗ ಸಂಭಾಷಣೆಯ ಹಾಳೆಯನ್ನು ಕೊಡಬಹುದು.

ಈ ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ಕಾಯಿರಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆಂದೂ ತೋರಿಸಿದರು. ಹೊಸ ಭಾಷೆಯಲ್ಲಿ ಉತ್ತರ ಹುಡುಕುವವರಿಗೆ ಐದು ಸೆಕೆಂಡೂ ಹೆಚ್ಚಲ್ಲ. ಆ ಮೌನ ನಮಗೆ ಕಸಿವಿಸಿ ಎನಿಸುತ್ತದೆ. ಕಲಿಯುವವರಿಗೆ ಅದೇ ಕೆಲಸ ಮಾಡುವ ಹೊತ್ತು.

ಮುಂದೆ ಆರು ನಿಮಿಷ ರೂಪವನ್ನು ಗಮನಿಸುವ ಹಂತ. ಇಲ್ಲಿ ನಿಯಮವನ್ನು ನೀವು ಹೇಳಬೇಡಿ, ಅವರಿಂದ ಹೇಳಿಸಿ. ‘ನನಗೆ ಎರಡು ಕಟ್ಟು ಬೇಕು’, ‘ಅವರಿಗೆ ಅರ್ಧ ಕೆಜಿ ಬೇಕು’, ‘ನಮಗೆ ಬೀನ್ಸ್ ಬೇಡ’ ಎಂಬ ಮೂರು ವಾಕ್ಯಗಳನ್ನು ಬರೆದು, ಯಾವುದು ಬದಲಾಗಿದೆ, ಯಾವುದು ಬದಲಾಗಿಲ್ಲ ಎಂದು ಕೇಳಿ. ‘ಬೇಕು’ ಎಂಬುದು ಯಾರಿಗಾಗಿಯೂ ಬದಲಾಗುವುದಿಲ್ಲ, ಬದಲಾಗುವುದು ಮೊದಲಿನ ಪದ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಇಂಗ್ಲಿಷಿನ ಮೂಲಕ ಕನ್ನಡ ಕಲಿಯುವವರು ‘ನಾನು ಬೇಕು’ ಎನ್ನುತ್ತಾರೆ. ತಾವು ಯಾರಿಗೋ ಬೇಕಾದವರು ಎಂಬ ಅರ್ಥ ಅದಕ್ಕೆ ಬರುತ್ತದೆಂಬುದು ಅವರಿಗೆ ಗೊತ್ತಿರುವುದಿಲ್ಲ. ಇಂಥ ಕಡೆ ಕಲಿಯುವವರ ಮನೆಮಾತನ್ನು ನೆನಪಿಸುವುದೇ ಹತ್ತಿರದ ದಾರಿ. ಹಿಂದಿಯ ‘ಮುಝೇ ಚಾಹಿಯೇ’, ತಮಿಳಿನ ‘ಎನಕ್ಕು ವೇಂಡುಂ’, ಮಲಯಾಳಂನ ‘ಎನಿಕ್ಕ್ ವೇಣಂ’, ತೆಲುಗಿನ ‘ನಾಕು ಕಾವಾಲಿ’ ಇವೆಲ್ಲ ‘ನನಗೆ ಬೇಕು’ ಎಂಬುದರ ಅಚ್ಚಿನಲ್ಲೇ ಇವೆ. ‘ನನಗೆ ಕನ್ನಡ ಬರುತ್ತೆ’ ಎಂಬುದಕ್ಕೂ ಹಿಂದಿಯಲ್ಲಿ ಅದೇ ಕಟ್ಟು. ಮನೆಮಾತಿನಲ್ಲಿ ಇರುವುದನ್ನೇ ಇಂಗ್ಲಿಷಿನ ಸುತ್ತುದಾರಿಯಲ್ಲಿ ಕಲಿಸುವುದು ಎಷ್ಟು ವ್ಯರ್ಥ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಎಲ್ಲ ಕಡೆ ಮನೆಮಾತು ನೆರವಾಗುವುದಿಲ್ಲ ಎಂಬುದೂ ನಿಜ. ಹಿಂದಿಯವರಿಗೆ ‘ಇಲ್ಲ’, ‘ಅಲ್ಲ’, ‘ಬೇಡ’ ಈ ಮೂರಕ್ಕೂ ಒಂದೇ ‘ನಹೀಂ’ ಆಸರೆ, ಆದ್ದರಿಂದ ‘ಬೇಕು ಇಲ್ಲ’, ‘ಇದು ಆಲೂಗಡ್ಡೆ ಇಲ್ಲ’ ಎಂಬ ವಾಕ್ಯಗಳು ಬರುತ್ತವೆ. ತಮಿಳಿನ ಆಡುಮಾತಿನಲ್ಲಿಯೂ ‘ಇಲ್ಲೆ’ ಎಂಬುದೇ ‘ಇಲ್ಲ’, ‘ಅಲ್ಲ’ ಎರಡರ ಕೆಲಸವನ್ನೂ ಮಾಡುತ್ತದೆ. ಮಲಯಾಳಂನವರಿಗೆ ಮಾತ್ರ ‘ಅಲ್ಲ’ ಮತ್ತು ‘ಇಲ್ಲ’ ಎರಡೂ ತಮ್ಮದೇ ಪದಗಳು. ಅವರನ್ನೇ ಕರೆದು ವ್ಯತ್ಯಾಸವನ್ನು ಇತರರಿಗೆ ತೋರಿಸಿಕೊಡಲು ಹೇಳಿದರೆ ತರಗತಿಗೆ ಇನ್ನೊಬ್ಬ ಶಿಕ್ಷಕರು ಸಿಕ್ಕಂತಾಗುತ್ತದೆ.

ರೂಪ ತಿಳಿಯಿತೇ ಎಂದು ಪರೀಕ್ಷಿಸಲು ‘ಅರ್ಥವಾಯಿತೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಪಕ್ಕದವರನ್ನು ತೋರಿಸಿ, ‘ಇವರಿಗೆ ಈರುಳ್ಳಿ ಬೇಕು, ನನಗೆ ಬೇಡ. ಈರುಳ್ಳಿ ಯಾರಿಗೆ ಕೊಡಬೇಕು?’ ಎಂದು ಕೇಳಿ, ಈರುಳ್ಳಿಯನ್ನು ಉತ್ತರಿಸಬೇಕಾದವರ ಕೈಗೇ ಕೊಡಿ. ಅವರು ಯಾರ ಕಡೆ ಕೈ ಚಾಚುತ್ತಾರೆ ಎಂಬುದರಲ್ಲಿ ಉತ್ತರವಿದೆ.

ಹೇಳಿಸುವ ಹಂತ

ಹತ್ತು ನಿಮಿಷಗಳ ಈ ಹಂತವನ್ನು ಇತ್ತೀಚೆಗೆ ಹಲವರು ಹಳೆಯ ಪದ್ಧತಿಯೆಂದು ಕೈಬಿಡುತ್ತಿದ್ದಾರೆ. ಅದು ಸರಿಯಲ್ಲವೆಂದು ನನ್ನ ಅನಿಸಿಕೆ. ನಾಲಿಗೆಗೆ ಹೊಸ ಚಲನೆ ಒಗ್ಗುವುದು ಹೇಳಿ ಹೇಳಿಯೇ. ಮಗ್ಗಿ ಹೇಳಿಸಿಕೊಂಡು ಬೆಳೆದ ನಮಗೆ ಇದು ಗೊತ್ತಿರುವ ಸಂಗತಿ. ಆದರೆ ಹೇಳಿಸುವುದರಲ್ಲಿ ಕ್ರಮವಿರಬೇಕು: ಮೊದಲು ಇಡೀ ತರಗತಿ ಒಟ್ಟಿಗೆ, ಆಮೇಲೆ ಸಾಲು ಸಾಲಾಗಿ, ಕೊನೆಗೆ ಒಬ್ಬೊಬ್ಬರಾಗಿ. ಒಮ್ಮೆಗೇ ಒಬ್ಬರನ್ನು ಎಬ್ಬಿಸಿ ನಿಲ್ಲಿಸಿದರೆ ನಾಚಿಕೆಯ ಸ್ವಭಾವದವರು ಮುಂದಿನ ವಾರ ಹಿಂದಿನ ಸಾಲಿಗೆ ಸರಿಯುತ್ತಾರೆ.

ಉದ್ದದ ವಾಕ್ಯವನ್ನು ಹಿಂದಿನಿಂದ ಕಟ್ಟಿಸಿ. ‘ಕೊಡಿ.’ ‘ಅರ್ಧ ಕೆಜಿ ಕೊಡಿ.’ ‘ಟೊಮೆಟೊ ಅರ್ಧ ಕೆಜಿ ಕೊಡಿ.’ ‘ನನಗೆ ಟೊಮೆಟೊ ಅರ್ಧ ಕೆಜಿ ಕೊಡಿ.’ ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಉಪಾಯ ನಮ್ಮ ಭಾಷೆಗೆ ಹೇಳಿ ಮಾಡಿಸಿದಂತಿದೆ: ಮುಖ್ಯವಾದ ಪದ ಮೊದಲೇ ಬಾಯಿಗೆ ಕೂತಿರುತ್ತದೆ, ಪ್ರತಿಸಲವೂ ಕಲಿಯುವವರು ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಸಾಗುತ್ತಾರೆ, ವಾಕ್ಯದ ಏರಿಳಿತವೂ ಕೆಡುವುದಿಲ್ಲ. ಅನಂತರ ಬದಲಿಸುವ ಅಭ್ಯಾಸ. ನೀವು ‘ಬದನೆಕಾಯಿ’ ಎಂದರೆ ಅವರು ‘ನನಗೆ ಬದನೆಕಾಯಿ ಬೇಕು’ ಎನ್ನಬೇಕು. ‘ಕಾಲು ಕೆಜಿ’ ಎಂದರೆ ‘ನನಗೆ ಬದನೆಕಾಯಿ ಕಾಲು ಕೆಜಿ ಬೇಕು’ ಎನ್ನಬೇಕು. ‘ಅವರು’ ಎಂದರೆ ‘ಅವರಿಗೆ’ ಎಂದು ಬದಲಿಸಬೇಕು. ಮೂರು ನಿಮಿಷಕ್ಕಿಂತ ಹೆಚ್ಚು ಇದನ್ನು ಎಳೆಯಬಾರದು, ಏಕೆಂದರೆ ಆ ಮೇಲೆ ಬಾಯಿ ಮಾತ್ರ ಆಡುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ.

ಉಚ್ಚಾರಣೆಗೆ ಇದೇ ತಕ್ಕ ಹೊತ್ತು. ಮಾರುಕಟ್ಟೆಯ ಪಾಠಕ್ಕೆ ಕನ್ನಡವೇ ಒದಗಿಸಿಕೊಟ್ಟಿರುವ ಮೂರು ಪದಗಳಿವೆ: ಬೆಲೆ, ಬೆಳೆ, ಬೇಳೆ. ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುವವರ ಪುಸ್ತಕದಲ್ಲಿ ಈ ಮೂರೂ ಒಂದೇ ಆಗಿ ಕುಳಿತಿರುತ್ತವೆ. ಹಿಂದಿಯವರಿಗೆ ಇಲ್ಲಿ ಎರಡು ತೊಡಕು: ಅವರ ಭಾಷೆಯಲ್ಲಿ ಹ್ರಸ್ವ ಎಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ, ಳಕಾರವೂ ಬಳಕೆಯಲ್ಲಿಲ್ಲ. ಬಂಗಾಳಿಯವರಿಗೂ ಳಕಾರ ಹೊಸದು. ಒಡಿಯಾ, ಮರಾಠಿ, ತಮಿಳು, ಮಲಯಾಳಂನವರಿಗೆ ಅದು ಮನೆಯದೇ. ಹೇಳಿಸುವುದಕ್ಕೆ ಮೊದಲು ಕೇಳಿಸಿ: ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಮೂರು ಪದಗಳನ್ನು ಬರೆದು, ನೀವು ಯಾವುದನ್ನು ಹೇಳಿದಿರೆಂದು ಅವರು ಬೆರಳೆತ್ತಿ ತೋರಿಸಲಿ. ಕಿವಿ ಬೇರ್ಪಡಿಸಲಾರದ್ದನ್ನು ಬಾಯಿ ಬೇರ್ಪಡಿಸಲಾರದು. ಹಾಲು ಮತ್ತು ಹಾಳು, ಹಲ್ಲಿ ಮತ್ತು ಹಳ್ಳಿ, ಕತೆ ಮತ್ತು ಕತ್ತೆ ಎಂಬ ಜೋಡಿಗಳನ್ನೂ ಬೇರೆ ದಿನಗಳಿಗೆ ಹೀಗೆಯೇ ಇಟ್ಟುಕೊಳ್ಳಬಹುದು. ಈ ಕಾರಣಕ್ಕೇ, ಮೊದಲ ಕೆಲವು ವಾರ ಅವರವರ ಲಿಪಿಯಲ್ಲಿ ಬರೆದುಕೊಳ್ಳಲು ಬಿಟ್ಟರೂ, ಎರಡನೆಯ ತಿಂಗಳಿನಿಂದ ಕನ್ನಡ ಲಿಪಿಗೆ ತರುವುದು ಒಳ್ಳೆಯದು. ಲಿಪಿ ಬಂದ ದಿನ ಬೆಲೆಗೂ ಬೇಳೆಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈ ಹಂತದಲ್ಲಿ ತಪ್ಪನ್ನು ಅಲ್ಲಿಯೇ ತಿದ್ದಬೇಕು, ಆದರೆ ನೀವೇ ಸರಿಯುತ್ತರ ಹೇಳಿ ಮುಗಿಸಬೇಡಿ. ‘ನಾನು ಬೇಕು’ ಎಂದವರ ಮುಂದೆ ‘ನಾನು?’ ಎಂದು ಕೇಳಿ ನಿಲ್ಲಿ. ಬಹುತೇಕರು ತಾವೇ ‘ನನಗೆ’ ಎಂದು ತಿದ್ದಿಕೊಳ್ಳುತ್ತಾರೆ.

ಕೈಬಿಟ್ಟು ನಡೆಸುವುದು: ಮಾಹಿತಿಯ ಅಂತರ ಮತ್ತು ಸಂತೆ

ಹೇಳಿಸಿದ್ದನ್ನು ಹೇಳುವುದಕ್ಕೂ ಹೇಳಬೇಕಾದುದನ್ನು ಹೇಳುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಅದನ್ನು ದಾಟಿಸುವ ಸೇತುವೆಯೇ ಜೋಡಿ ಚಟುವಟಿಕೆ. ಇದರ ಲೆಕ್ಕವನ್ನು ಒಮ್ಮೆ ನೋಡಿ: ಇಪ್ಪತ್ತನಾಲ್ಕು ನಿಮಿಷದಲ್ಲಿ ಹನ್ನೆರಡು ಜನ ಒಬ್ಬೊಬ್ಬರಾಗಿ ಶಿಕ್ಷಕರೊಡನೆ ಮಾತನಾಡಿದರೆ ಒಬ್ಬರ ಪಾಲಿಗೆ ಎರಡು ನಿಮಿಷ, ಅದೇ ಹೊತ್ತಿನಲ್ಲಿ ಆರು ಜೋಡಿಗಳಾಗಿ ಮಾತನಾಡಿದರೆ ಒಬ್ಬರ ಪಾಲಿಗೆ ಹನ್ನೆರಡು ನಿಮಿಷ. ಗದ್ದಲವಾಗುತ್ತದೆ, ತಪ್ಪುಗಳೂ ಆಗುತ್ತವೆ, ಎರಡಕ್ಕೂ ಅಂಜಬೇಕಾಗಿಲ್ಲ.

ಮೊದಲ ಎಂಟು ನಿಮಿಷಕ್ಕೆ ಎರಡು ಬಗೆಯ ದರಪಟ್ಟಿಗಳನ್ನು ತಯಾರಿಸಿ. ಮೊದಲ ಹಾಳೆಯಲ್ಲಿ ಟೊಮೆಟೊ, ಈರುಳ್ಳಿ, ಕ್ಯಾರೆಟ್‌ಗಳ ದರವಿದ್ದು ಬದನೆಕಾಯಿ, ಬೀನ್ಸ್, ಆಲೂಗಡ್ಡೆಯ ಮುಂದೆ ಖಾಲಿ ಇರಲಿ. ಎರಡನೆಯ ಹಾಳೆಯಲ್ಲಿ ಇದರ ತಿರುವುಮುರುವು. ಹಾಳೆಯನ್ನು ತೋರಿಸಿಕೊಳ್ಳದೆ, ‘ಬೀನ್ಸ್ ಕೆಜಿಗೆ ಎಷ್ಟು?’ ಎಂದು ಕೇಳಿಯೇ ತುಂಬಿಸಿಕೊಳ್ಳಬೇಕು. ಇಲ್ಲಿ ಪ್ರಶ್ನೆ ಕೇಳುವವರಿಗೆ ಉತ್ತರ ನಿಜವಾಗಿ ಗೊತ್ತಿಲ್ಲ, ಅದೇ ಇದರ ಜೀವಾಳ. ಪೆನ್ನನ್ನು ಎತ್ತಿ ಹಿಡಿದು ‘ಇದು ಏನು?’ ಎಂದು ಕೇಳುವ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಲಿಯುವವರು ಕೂಡಲೇ ಗುರುತಿಸುತ್ತಾರೆ.

ಮಾಹಿತಿಯ ಅಂತರ ಎಂಬ ಈ ಚಟುವಟಿಕೆಗೆ ಬೆಂಗಳೂರಿನೊಡನೆ ಹತ್ತಿರದ ನಂಟಿದೆ. 1979ರಿಂದ 1984ರವರೆಗೆ ಭಾಷಾಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ಒಂದು ಪ್ರಯೋಗವನ್ನು ನಡೆಸಿದರು. ಜಗತ್ತಿನ ಭಾಷಾಶಿಕ್ಷಕರು ಅದನ್ನು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ಕ್ರಮದಲ್ಲಿ ಪಾಠ ಮಾಡುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಸಮಸ್ಯೆ ಬಿಡಿಸಲು ಮಕ್ಕಳಿಗೆ ಹೇಳಲಾಯಿತು. ಬಿಡಿಸುವ ಯತ್ನದಲ್ಲಿ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಪ್ರಭು ಅವರು ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬರಲ್ಲಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು. ಇರುವ ಮಾಹಿತಿಯಿಂದ ತರ್ಕಿಸಿ ಹೊಸದೊಂದನ್ನು ಕಂಡುಕೊಳ್ಳುವುದು ಎರಡನೆಯದು. ತನ್ನ ಅಭಿಪ್ರಾಯವನ್ನೋ ಇಷ್ಟಾನಿಷ್ಟವನ್ನೋ ಹೇಳುವುದು ಮೂರನೆಯದು. ಅವರು ಹೆಚ್ಚು ಒಲಿದದ್ದು ಎರಡನೆಯದಕ್ಕೆ. ಅವರ ತರಗತಿಯಲ್ಲಿಯೂ ಹಂತಗಳಿದ್ದವು: ಮೊದಲು ಶಿಕ್ಷಕರು ಇಡೀ ತರಗತಿಯೊಡನೆ ಒಂದು ಕೆಲಸವನ್ನು ಬಹಿರಂಗವಾಗಿ ಮಾಡಿ ತೋರಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಮಾಡುವುದು.

ನಮ್ಮ ಪಾಠದ ಮುಂದಿನ ಹದಿನಾಲ್ಕು ನಿಮಿಷಗಳ ಸಂತೆಯನ್ನು ನಾನು ಈ ಎರಡನೆಯ ಬಗೆಗೆ ಸೇರುವಂತೆ ಕಟ್ಟುತ್ತೇನೆ. ನಾಲ್ವರು ಅಂಗಡಿಯವರು, ಎಂಟು ಮಂದಿ ಕೊಳ್ಳುವವರು. ಅಂಗಡಿಯಿಂದ ಅಂಗಡಿಗೆ ದರ ಬೇರೆ, ಎಲ್ಲ ಅಂಗಡಿಯಲ್ಲಿಯೂ ಎಲ್ಲ ತರಕಾರಿ ಇಲ್ಲ. ಕೊಳ್ಳುವವರ ಚೀಟಿಯಲ್ಲಿ ಐದು ವಸ್ತುಗಳು, ಕೈಯಲ್ಲಿ ಕಾಗದದ 200 ರೂಪಾಯಿ. ದರಗಳನ್ನು ಹೇಗೆ ಇಡಬೇಕೆಂದರೆ, ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಕೊಂಡರೆ ಹಣ ಸಾಲಬಾರದು; ನಾಲ್ಕೂ ಕಡೆ ವಿಚಾರಿಸಿ, ಎಲ್ಲಿ ಏನು ಅಗ್ಗವೆಂದು ಲೆಕ್ಕ ಹಾಕಿದವರಿಗೆ ಮಾತ್ರ ಚೀಟಿ ಪೂರೈಸಬೇಕು. ಹೀಗೆ ಮಾಡಿದರೆ ‘ಎಷ್ಟು?’ ಎಂಬ ಪ್ರಶ್ನೆ ನಾಟಕಕ್ಕಾಗಿ ಅಲ್ಲ, ಅಗತ್ಯಕ್ಕಾಗಿ ಬರುತ್ತದೆ. ಏಳು ನಿಮಿಷಕ್ಕೆ ಪಾತ್ರಗಳನ್ನು ಬದಲಾಯಿಸಿ. ‘ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’ ಎಂಬ ವಾಕ್ಯವನ್ನು ನಾನು ಎರಡನೆಯ ಸುತ್ತಿಗೆ ಮೊದಲು ಕೊಡುತ್ತೇನೆ. ಚೌಕಾಸಿ ಶುರುವಾದ ಮೇಲೆ ಕೊಠಡಿಯ ದನಿಯೇ ಬೇರೆಯಾಗುತ್ತದೆ.

ಈ ಹೊತ್ತಿನಲ್ಲಿ ನಿಮ್ಮ ಕೆಲಸ ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು. ನಡುವೆ ಬಾಯಿ ಹಾಕಿ ತಿದ್ದಿದರೆ ವ್ಯಾಪಾರ ನಿಂತು ಮತ್ತೆ ಪಾಠವಾಗುತ್ತದೆ. ಪೂರ್ತಿ ಸಿಕ್ಕಿಹಾಕಿಕೊಂಡವರಿಗೆ ಒಂದು ಪದ ಕೊಟ್ಟು ಮುಂದೆ ಸರಿಯಿರಿ. ಯಾರಾದರೂ ಇಂಗ್ಲಿಷಿಗೆ ಜಾರಿದರೆ ಗದರಬೇಕಾಗಿಲ್ಲ, ಅಂಗಡಿಯವರು ‘ಏನು?’ ಎಂದು ಕೇಳಬೇಕೆಂಬ ನಿಯಮವನ್ನು ಮೊದಲೇ ಹೇಳಿಟ್ಟಿದ್ದರೆ ಸಾಕು.

ಕ್ರಮವನ್ನು ತಿರುಗಿಸುವುದು ಯಾವಾಗ

ಬಿ.ಇಡಿ. ಓದಿದವರಿಗೆ ಜರ್ಮನಿಯ ತತ್ತ್ವಜ್ಞಾನಿ ಹರ್ಬಾರ್ಟ್‌ನ ಹೆಸರಿನ ಪಂಚಸೋಪಾನಗಳು, ಅಂದರೆ ಪಾಠದ ಐದು ಮೆಟ್ಟಿಲುಗಳು, ಪರಿಚಿತ: ಸಿದ್ಧತೆ, ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. 1970ರ ದಶಕದ ಇಂಗ್ಲಿಷ್ ಬೋಧನೆಯಲ್ಲಿ ಇಂಥದೇ ಒಂದು ಕ್ರಮ ಮಂಡನೆ, ಅಭ್ಯಾಸ, ಸ್ವಂತ ಬಳಕೆ ಎಂಬ ಮೂರು ಹಂತಗಳ ರೂಪದಲ್ಲಿ ನೆಲೆಯೂರಿತು. ಮೇಲೆ ವಿವರಿಸಿದ ಪಾಠ ಬಹುಮಟ್ಟಿಗೆ ಈ ಸಾಲಿನದು. ಭಾಷೆ ಏನೇನೂ ಬಾರದವರಿಗೆ ಈ ಕ್ರಮ ಆಸರೆಯಾಗುತ್ತದೆ.

ಆದರೆ ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದು ಈಗ ತರಗತಿಗೆ ಬಂದವರು ಖಾಲಿ ಹಲಗೆಯಲ್ಲ. ‘ಸ್ವಲ್ಪ’, ‘ಬನ್ನಿ’, ‘ಗೊತ್ತಿಲ್ಲ’, ‘ಎಷ್ಟಾಯ್ತು’ ಇವು ಅವರ ಕಿವಿಯಲ್ಲಿ ಆಗಲೇ ಇವೆ. ಎಷ್ಟೋ ವೇಳೆ ನಾವು ಆಡುವುದೆಲ್ಲ ಅವರಿಗೆ ತಿಳಿಯುತ್ತದೆ, ಬಾಯಿ ಮಾತ್ರ ಕಟ್ಟಿರುತ್ತದೆ. ಅವರ ಮುಂದೆ ‘ನನಗೆ ಬೇಕು’ ಎಂಬುದನ್ನು ಮೊದಲಿನಿಂದ ಮಂಡಿಸುವುದು ಅವರ ಅರಿವನ್ನು ಕಡೆಗಣಿಸಿದಂತೆ. ಅಂಥ ತರಗತಿಯಲ್ಲಿ ಸಂತೆಯನ್ನೇ ಮೊದಲು ನಡೆಸಿ. ತಮಗೆ ಬಂದ ಕನ್ನಡದಲ್ಲಿ ವ್ಯಾಪಾರ ಮಾಡಲಿ. ಎಲ್ಲಿ ತಡವರಿಸುತ್ತಾರೆಂದು ನೋಡಿ. ಆಮೇಲೆ ಕನ್ನಡಿಗರಿಬ್ಬರು ಅದೇ ವ್ಯಾಪಾರ ಮಾಡುವುದನ್ನು ಕೇಳಿಸಿ. ತಾವು ಹೇಳಲಾಗದೆ ನಿಂತ ಜಾಗದಲ್ಲಿ ಅವರು ಏನೆಂದರು ಎಂದು ಗುರುತಿಸಲಿ. ಆ ಎರಡು ಮೂರು ರೂಪಗಳನ್ನಷ್ಟೇ ಹೇಳಿಸಿ, ಮತ್ತೆ ಸಂತೆಗೆ ಬಿಡಿ. ತಡವರಿಸಿದ ನೆನಪು ಹಸಿಯಾಗಿರುವಾಗ ಸಿಕ್ಕ ಪದ ಉಳಿಯುತ್ತದೆ. ಹೊಸಬರೂ ಹಳಬರೂ ಬೆರೆತಿರುವ ತರಗತಿಯಲ್ಲಿ ಹಳಬರನ್ನು ಅಂಗಡಿಯವರನ್ನಾಗಿ ಮಾಡಿ, ಏಕೆಂದರೆ ಅಂಗಡಿಯವರು ಮಾತನಾಡಬೇಕಾದುದು ಹೆಚ್ಚು, ಬರುವ ಪ್ರಶ್ನೆ ಏನೆಂಬುದೂ ಮೊದಲೇ ತಿಳಿದಿರುವುದಿಲ್ಲ.

ಕೊನೆಯ ಐದು ನಿಮಿಷ ಮತ್ತು ಬೀದಿಯ ಕೆಲಸ

ಸಂತೆ ಮುಗಿದ ಮೇಲೆ ನೀವು ಬರೆದುಕೊಂಡವುಗಳಲ್ಲಿ ಆರು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಆಡಿದವರ ಹೆಸರಿಲ್ಲದೆ. ಅವುಗಳಲ್ಲಿ ಎರಡಾದರೂ ಸರಿಯಾದ, ಸೊಗಸಾದ ವಾಕ್ಯಗಳಿರಲಿ. ಯಾವುದು ಸರಿ, ಯಾವುದು ತಪ್ಪು ಎಂದು ಜೋಡಿಗಳು ಚರ್ಚಿಸಿ ತಿದ್ದಲಿ. ಎಲ್ಲ ತಪ್ಪುಗಳನ್ನೂ ಎತ್ತಿಕೊಳ್ಳಬಾರದು. ಅಂದಿನ ಗುರಿಗೆ ಸೇರಿದವನ್ನು ಮಾತ್ರ ಎತ್ತಿಕೊಳ್ಳಿ, ಉಳಿದವು ನಿಮ್ಮ ಪುಸ್ತಕದಲ್ಲಿ ಮುಂದಿನ ಪಾಠಗಳಿಗೆ ಬೀಜವಾಗಿರಲಿ.

ಮನೆಗೆಲಸವಾಗಿ ಬರೆಯುವ ಅಭ್ಯಾಸಕ್ಕಿಂತ ಬೀದಿಯ ಕೆಲಸ ಕೊಡಿ: ಈ ವಾರ ಒಂದು ಬಗೆಯ ಸೊಪ್ಪು ಅಥವಾ ತರಕಾರಿಯನ್ನು ಕನ್ನಡದಲ್ಲಿಯೇ ಕೊಂಡು, ಅಂಗಡಿಯವರು ಹೇಳಿದ ಒಂದು ಹೊಸ ಪದವನ್ನು ತರಗತಿಗೆ ತರಬೇಕು. ಬೆಂಗಳೂರಿನಲ್ಲಿ ಇದಕ್ಕೊಂದು ಅಡ್ಡಿಯುಂಟು. ತಡವರಿಸುವವರನ್ನು ಕಂಡ ಕೂಡಲೇ ಅಂಗಡಿಯವರು ಸಹಾಯವಾಗಲೆಂದು ಹಿಂದಿಗೋ ತಮಿಳಿಗೋ ತಿರುಗುತ್ತಾರೆ. ಅದಕ್ಕಾಗಿ ಒಂದು ವಾಕ್ಯವನ್ನು ಮೊದಲೇ ಬಾಯಿಗೆ ಕೂರಿಸಿ ಕಳುಹಿಸಬೇಕು: ‘ನಾನು ಕನ್ನಡ ಕಲಿತಾ ಇದ್ದೀನಿ, ದಯವಿಟ್ಟು ಕನ್ನಡದಲ್ಲೇ ಹೇಳಿ.’ ಇದನ್ನು ಹೇಳಿದವರಿಗೆ ಗಾಡಿಯವರು ನಿಧಾನವಾಗಿ, ಸಂತೋಷದಿಂದ ಬಿಡಿಸಿ ಹೇಳಿದ್ದನ್ನೂ, ಒಂದು ಹಿಡಿ ಕರಿಬೇವು ಹೆಚ್ಚಿಗೆ ಹಾಕಿ ಕೊಟ್ಟದ್ದನ್ನೂ ನನ್ನ ತರಗತಿಯವರು ಬಂದು ಹೇಳಿದ್ದಾರೆ. ಮುಂದಿನ ವಾರದ ಮೊದಲ ಐದು ನಿಮಿಷ ಈ ವರದಿಗಳಿಗೆ ಮೀಸಲಾಗಿರಲಿ. ತಂದ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಹೋಗಲಾಗದೆ ಉಳಿದವರನ್ನು ತರಗತಿ ಮುಗಿದ ಕೂಡಲೇ, ಹೋಗಿಬಂದ ಒಬ್ಬರ ಜೊತೆ ಮಾಡಿ, ಗೇಟಿನ ಆಚೆ ನಿಲ್ಲುವ ಗಾಡಿಯವರೆಗೆ ಕಳುಹಿಸಿ.